ತುಂಡಾದ ಬೆರಳು ಜೋಡಿಸಲು ಒಂದು ತೊಟ್ಟು ನೀಲಿ: ಡಾಕ್ಟರ್ ಹಚ್ಚೋ ಬಣ್ಣ ಬೇರೆ, ಮನೇಲಿ ಮೆತ್ತೋ ಅರಿಶಿನ ಬೇರೆ

ಅಕ್ಕೂರು: ಮೇವು ಕತ್ತರಿಸೋ ಮಿಷನ್, ಕಬ್ಬಿನ ಗಾಣ, ಗೊಂಬೆ ಮಾಡುವ ಲೇತ್, ಮರ ಕೊಯ್ಯುವ ಗರಗಸ. ಚನ್ನಪಟ್ಟಣ ತಾಲ್ಲೂಕಿನಲ್ಲಿ ಇವುಗಳ ಮುಂದೆ ಕೆಲಸ ಮಾಡುವವರ ಬೆರಳಿಗೆ ಅಪಾಯ ತಪ್ಪಿದ್ದಲ್ಲ. ಬೆರಳು ತುಂಡಾದರೆ ‘ಹೋಯ್ತು ಬಿಡು’ ಅನ್ನುವ ಕಾಲ ಈಗಿಲ್ಲ. ಜೋಪಾನವಾಗಿ, ಬೇಗ ತಲುಪಿಸಿದರೆ ಎಷ್ಟೋ ಸಲ ಮತ್ತೆ ಜೋಡಿಸಬಹುದು. ಆ ಆಪರೇಷನ್‌ನಲ್ಲಿ ಬಣ್ಣಕ್ಕೂ ಒಂದು ಕೆಲಸ ಇದೆ.

ಕಷ್ಟ ಎಲ್ಲಿದೆ?

ಬೆರಳಿಗೆ ರಕ್ತ ಒಯ್ಯುವ ನಾಳದ ದಪ್ಪ ಸುಮಾರು 1 ಮಿಲಿಮೀಟರ್. ತುದಿಗೆ ಹೋದಂತೆ ಇನ್ನೂ ಸಣ್ಣ. ಇದನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ ಹೊಲಿಯಬೇಕು. ಇದಕ್ಕೆ ಬಳಸುವ ‘10-0’ ನೈಲಾನ್ ದಾರ ಸುಮಾರು 0.02 ಮಿಲಿಮೀಟರ್, ರೇಷ್ಮೆ ಗೂಡಿನಿಂದ ಬಿಚ್ಚುವ ಒಂಟಿ ಎಳೆ ಹೆಚ್ಚುಕಮ್ಮಿ ಇಷ್ಟೇ ಇರುತ್ತದೆ. ಅಮೆರಿಕದ ಡಾ. ಜೂಲಿಯಸ್ ಜೇಕಬ್ಸನ್ 1960ರಲ್ಲಿ ಮೈಕ್ರೋಸ್ಕೋಪ್ ಇಟ್ಟುಕೊಂಡು ಸಣ್ಣ ರಕ್ತನಾಳ ಜೋಡಿಸಿ ತೋರಿಸಿದರು. 1965ರಲ್ಲಿ ಜಪಾನಿನ ಡಾ. ಕೊಮಾತ್ಸು ಮತ್ತು ಡಾ. ತಮಾಯಿ ಪೂರ್ತಿ ತುಂಡಾಗಿದ್ದ ಹೆಬ್ಬೆರಳನ್ನೇ ಜೋಡಿಸಿದರು.

ರಕ್ತ ತೊಳೆದ ಮೇಲೆ ನಾಳದ ಗೋಡೆ ಬಿಳಿಚಿಕೊಂಡು, ಆಚೆ ಈಚೆ ಕಾಣುವಷ್ಟು ತೆಳುವಾಗಿರುತ್ತದೆ. ಒದ್ದೆಯಾದ ಪ್ಲಾಸ್ಟಿಕ್ ಕವರ್‌ನ ಬಾಯಿ ಬಿಡಿಸಲು ಅಂಗಡಿಯವರು ಪಡುವ ಪಾಡೇ ಇಲ್ಲೂ. ಮುಂದಿನ ಗೋಡೆ ಯಾವುದು, ಹಿಂದಿನದು ಯಾವುದು ಗೊತ್ತಾಗಲ್ಲ. ಸೂಜಿ ಎರಡನ್ನೂ ಸೇರಿಸಿ ಹೊಲಿದುಬಿಟ್ಟರೆ ನಾಳ ಮುಚ್ಚಿ, ರಕ್ತ ಹೆಪ್ಪುಗಟ್ಟಿ, ಬೆರಳು ಕಪ್ಪಾಗುತ್ತದೆ.

ಬಣ್ಣ ಏನು ಮಾಡುತ್ತೆ?

ಕತ್ತರಿಸಿದ ನಾಳದ ಅಂಚಿಗೆ ಮೆಥಿಲೀನ್ ಬ್ಲೂ ಅಥವಾ ಜೆನ್ಷಿಯನ್ ವಯೊಲೆಟ್ ಅನ್ನು ಚೂರೇ ಚೂರು ಮುಟ್ಟಿಸಿ, ಹೆಚ್ಚಾದದ್ದನ್ನು ತೊಳೆಯುತ್ತಾರೆ. ಅಂಚು ನೀಲಿ ಗೆರೆಯಂತೆ ಎದ್ದು ಕಾಣುತ್ತದೆ, ಬಾಯಿ ಎಲ್ಲಿದೆ ಅಂತ ತಿಳಿಯುತ್ತದೆ, ಸೂಜಿ ದಾರಿ ತಪ್ಪಲ್ಲ. ಮೆಥಿಲೀನ್ ಬ್ಲೂ 1876ರಲ್ಲಿ ಜರ್ಮನಿಯಲ್ಲಿ ಬಟ್ಟೆಗೆ ಹಾಕಲು ತಯಾರಾದ ಬಣ್ಣ. ಜೆನ್ಷಿಯನ್ ವಯೊಲೆಟ್ ಅಂದರೆ ಬಾಯಿಹುಣ್ಣಿಗೆ ಹಚ್ಚುತ್ತಿದ್ದ ಅದೇ ನೇರಳೆ ಔಷಧಿ. ನಾಳದ ಕೆಳಗೆ ನೀಲಿ, ಹಸಿರು ಅಥವಾ ಹಳದಿ ಹಾಳೆ ಇಡುವುದೂ ಉಂಟು.

ಇಂಡೋಸಯನಿನ್ ಗ್ರೀನ್ ಅನ್ನೋದು ಇನ್ನೊಂದು. ಇದನ್ನು ರಕ್ತಕ್ಕೆ ಇಂಜೆಕ್ಷನ್ ಕೊಟ್ಟು ವಿಶೇಷ ಕ್ಯಾಮೆರಾದಲ್ಲಿ ನೋಡಿದರೆ, ಹೊಲಿದ ಜಾಗ ದಾಟಿ ರಕ್ತ ಹರಿಯುತ್ತಿದೆಯೋ ಇಲ್ಲವೋ ಕಾಣುತ್ತದೆ. ಇದರಲ್ಲಿ ಅಯೋಡಿನ್ ಅಂಶ ಇರುವುದರಿಂದ ಅಲರ್ಜಿ ಇದ್ದವರು ಮೊದಲೇ ಡಾಕ್ಟರ್‌ಗೆ ಹೇಳಬೇಕು.

ಬಣ್ಣದಿಂದ ಗಾಯ ವಾಸಿಯಾಗಲ್ಲ, ಅದು ಕಣ್ಣಿಗೆ ಸಹಾಯ ಅಷ್ಟೇ. ಜಾಸ್ತಿಯಾದರೆ ನಾಳಕ್ಕೇ ತೊಂದರೆ. ಹಾಗಾಗಿ ಎಲ್ಲಾ ಸರ್ಜನ್‌ಗಳೂ ಬಳಸುವುದಿಲ್ಲ.

ಮನೆಯಲ್ಲಿ, ಅಂಗಡಿಯಲ್ಲಿ ಏನು ಮಾಡಬೇಕು?

ಅರಿಶಿನ, ಕಾಫಿ ಪುಡಿ, ಸುಣ್ಣ, ಟಿಂಚರ್ ಯಾವುದನ್ನೂ ಹಚ್ಚಬೇಡಿ. ಪುಡಿ ನಾಳದ ಬಾಯಿಗೆ ಮೆತ್ತಿಕೊಂಡರೆ ಉಜ್ಜಿ ತೆಗೆಯಬೇಕಾಗುತ್ತದೆ. ಡಾಕ್ಟರ್‌ಗೆ ಕಾಣಬೇಕಾದ ಅಂಚೇ ಹಾಳಾಗುತ್ತದೆ.

ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಕಟ್ಟಿ. ಆ ಕವರ್ ಅನ್ನು ಐಸ್ ನೀರು ತುಂಬಿದ ಇನ್ನೊಂದು ಕವರ್‌ನಲ್ಲಿಡಿ. ತುಂಡಿಗೆ ಐಸ್ ನೇರವಾಗಿ ತಾಗಬಾರದು. ಬೇಕರಿ, ಮೀನಂಗಡಿ, ಐಸ್‌ಕ್ರೀಂ ಅಂಗಡಿಯವರು ತಕ್ಷಣ ಐಸ್ ಕೊಟ್ಟರೆ ಅದೇ ದೊಡ್ಡ ಉಪಕಾರ. ಬೆರಳು ಚರ್ಮದಲ್ಲಿ ನೇತಾಡುತ್ತಿದ್ದರೆ ಕತ್ತರಿಸಬೇಡಿ. ಗಾಯಾಳುಗೆ ಊಟ, ಕಾಫಿ ಕೊಡಬೇಡಿ.

108ಕ್ಕೆ ಕರೆ ಮಾಡಿ, ಮೈಕ್ರೋಸರ್ಜರಿ ಎಲ್ಲಿ ಸಿಗುತ್ತೆ ಅಂತ ಫೋನಲ್ಲೇ ಕೇಳಿಕೊಂಡು ಹೊರಡಿ. ತಂಪಾಗಿಟ್ಟ ಬೆರಳು 12 ಗಂಟೆಯವರೆಗೂ ತಡೆಯಬಹುದು. ಮಣಿಕಟ್ಟಿನ ಮೇಲೆ ತುಂಡಾದರೆ ಸುಮಾರು 6 ಗಂಟೆ ಮಾತ್ರ. ಉಳಿ ಹಿಡಿಯುವವರಿಗೆ, ತಕ್ಕಡಿ ಹಿಡಿಯುವವರಿಗೆ ಹೆಬ್ಬೆರಳು ಅಂದರೆ ಅನ್ನ. ಅದು ಉಳಿಯೋದು, ಬಿಡೋದು ಮೊದಲ ಹತ್ತು ನಿಮಿಷದಲ್ಲಿ ಪಕ್ಕದಲ್ಲಿದ್ದವರು ಏನು ಮಾಡಿದರು ಅನ್ನೋದರ ಮೇಲೂ ನಿಂತಿರುತ್ತೆ.