ಸಿ. ಎಂ. ನ್ಯೂಟನ್: ಆಟದ ಅಂಗಳದಿಂದ ಆಡಳಿತದ ಹೊಣೆಗೆ

ಚಾರ್ಲ್ಸ್ ಮಾರ್ಟಿನ್ ನ್ಯೂಟನ್ (1930–2018) ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕ್ಷೇತ್ರದಲ್ಲಿ ಆಟಗಾರರಾಗಿ, ತರಬೇತುದಾರರಾಗಿ, ಕೊನೆಗೆ ಕ್ರೀಡಾಡಳಿತಗಾರರಾಗಿ ದುಡಿದವರು. ವರ್ಣಭೇದದ ಗೋಡೆಗಳು ಇನ್ನೂ ಪೂರ್ತಿ ಕುಸಿಯದಿದ್ದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಆಟಗಾರರಿಗೂ ತರಬೇತುದಾರರಿಗೂ ಬಾಗಿಲು ತೆರೆದವರೆಂದು ಅವರನ್ನು ಇಂದಿಗೂ ಸ್ಮರಿಸಲಾಗುತ್ತದೆ.

ಆಟಗಾರ

ಟೆನೆಸಿ ರಾಜ್ಯದ ರಾಕ್‌ವುಡ್‌ನಲ್ಲಿ ಜನಿಸಿದ ನ್ಯೂಟನ್ ಬೆಳೆದದ್ದು ಫ್ಲಾರಿಡಾದಲ್ಲಿ. ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಪ್ರಸಿದ್ಧ ತರಬೇತುದಾರ ಅಡಾಲ್ಫ್ ರಪ್ ಅವರ ಗರಡಿಯಲ್ಲಿ ಪಳಗಿ, 1951ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದ ಸದಸ್ಯರಾಗಿದ್ದರು.

ತರಬೇತುದಾರ

ಟ್ರಾನ್ಸಿಲ್ವೇನಿಯಾ ಎಂಬ ಸಣ್ಣ ಕಾಲೇಜಿನಲ್ಲಿ ಹಲವು ವರ್ಷ ದುಡಿದ ಬಳಿಕ, 1968ರಲ್ಲಿ ಅವರು ಅಲಬಾಮಾ ವಿಶ್ವವಿದ್ಯಾಲಯವನ್ನು ಸೇರಿದರು. ಕಪ್ಪು ವಿದ್ಯಾರ್ಥಿಗಳ ಪ್ರವೇಶವನ್ನು ತಡೆಯಲು ರಾಜ್ಯಪಾಲ ಜಾರ್ಜ್ ವ್ಯಾಲೇಸ್ 1963ರಲ್ಲಿ ಸ್ವತಃ ಬಾಗಿಲಲ್ಲಿ ನಿಂತದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಮೊದಲ ಋತುವಿನಲ್ಲಿ ನ್ಯೂಟನ್ ಅವರ ತಂಡ ಗೆದ್ದದ್ದು ನಾಲ್ಕೇ ಪಂದ್ಯ, ಸೋತದ್ದು ಇಪ್ಪತ್ತು. ಮರುವರ್ಷವೇ ಅವರು ಬರ್ಮಿಂಗ್‌ಹ್ಯಾಮ್ ನಗರದ ವೆಂಡೆಲ್ ಹಡ್ಸನ್ ಎಂಬ ತರುಣನಿಗೆ ಕ್ರೀಡಾ ವಿದ್ಯಾರ್ಥಿವೇತನ ನೀಡಿದರು. ಅಲಬಾಮಾದಲ್ಲಿ ಯಾವುದೇ ಕ್ರೀಡೆಯಲ್ಲಿ ಈ ಮನ್ನಣೆ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಹಡ್ಸನ್. ಸೋಲಿನ ನಡುವೆ ಕೈಗೊಂಡ ಈ ನಿರ್ಧಾರ ಫಲ ನೀಡಿತು: 1974ರಿಂದ 1976ರವರೆಗೆ ಅಲಬಾಮಾ ಸತತ ಮೂರು ಬಾರಿ ಪ್ರಾದೇಶಿಕ ಒಕ್ಕೂಟದ ಅಗ್ರಸ್ಥಾನದಲ್ಲಿ ನಿಂತಿತು. ಮುಂದೆ 1981ರಿಂದ 1989ರವರೆಗೆ ನ್ಯೂಟನ್ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತರಬೇತುದಾರರಾಗಿದ್ದರು.

ಆಡಳಿತಗಾರ

ನಮ್ಮ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರ ಕಾರ್ಯವ್ಯಾಪ್ತಿ ಸೀಮಿತವಾದದ್ದು. ಅಮೆರಿಕದಲ್ಲಿ ಕ್ರೀಡಾ ನಿರ್ದೇಶಕರು ಎಲ್ಲ ತಂಡಗಳ ತರಬೇತುದಾರರನ್ನು ನೇಮಿಸಿ, ಬೃಹತ್ ಆಯವ್ಯಯವನ್ನು ನಿರ್ವಹಿಸಿ, ನಿಯಮಪಾಲನೆಗೂ ಉತ್ತರದಾಯಿಯಾಗಿರುತ್ತಾರೆ. 1989ರಲ್ಲಿ ನ್ಯೂಟನ್ ಈ ಹುದ್ದೆಯನ್ನು ವಹಿಸಿಕೊಳ್ಳಲು ತಾವು ಕಲಿತ ಕೆಂಟಕಿಗೆ ಮರಳಿದಾಗ ಸಂಸ್ಥೆಯ ಮಾನ ಮಣ್ಣುಪಾಲಾಗಿತ್ತು. ನಿಯಮೋಲ್ಲಂಘನೆಗಳಿಗಾಗಿ ಆ ವರ್ಷವೇ ತಂಡಕ್ಕೆ ಎರಡು ವರ್ಷ ರಾಷ್ಟ್ರೀಯ ಪಂದ್ಯಾವಳಿಯ ನಿಷೇಧ, ಒಂದು ವರ್ಷ ದೂರದರ್ಶನದ ನೇರ ಪ್ರಸಾರದ ನಿಷೇಧ ವಿಧಿಸಲಾಯಿತು.

ನ್ಯೂಟನ್ ಅವರು ವೃತ್ತಿಪರ ತಂಡವೊಂದರ ತರಬೇತುದಾರರಾಗಿದ್ದ ರಿಕ್ ಪಿಟಿನೊ ಅವರನ್ನು ಕರೆತಂದರು. 1996ರಲ್ಲಿ ಕೆಂಟಕಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 1995ರಲ್ಲಿ ಮಹಿಳಾ ತಂಡಕ್ಕೆ ಬರ್ನಡೆಟ್ ಮ್ಯಾಟಕ್ಸ್, 1997ರಲ್ಲಿ ಪುರುಷರ ತಂಡಕ್ಕೆ ಟಬ್ಬಿ ಸ್ಮಿತ್ ನೇಮಕಗೊಂಡರು. ಆಯಾ ತಂಡಗಳಿಗೆ ಇವರೇ ಮೊದಲ ಕಪ್ಪು ಮುಖ್ಯ ತರಬೇತುದಾರರು. ಸ್ಮಿತ್ ತಮ್ಮ ಮೊದಲ ಋತುವಿನಲ್ಲೇ, 1998ರಲ್ಲಿ, ಪ್ರಶಸ್ತಿ ತಂದುಕೊಟ್ಟರು. ಎಲ್ಲ ಆಯ್ಕೆಗಳೂ ಕೈಹಿಡಿಯಲಿಲ್ಲ: 1990ರಲ್ಲಿ ಫುಟ್‌ಬಾಲ್ ತಂಡಕ್ಕೆ ಬಂದ ಬಿಲ್ ಕರಿ ಏಳು ಋತುಗಳಲ್ಲಿ ಗೆಲುವಿಗಿಂತ ಸೋಲನ್ನೇ ಹೆಚ್ಚು ಕಂಡರು.

ಗೌರವಗಳು

ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಗೆ 1992ರಿಂದ 1996ರವರೆಗೆ ಅಧ್ಯಕ್ಷರಾಗಿದ್ದ ನ್ಯೂಟನ್, 2000ದಲ್ಲಿ ಕೆಂಟಕಿಯಿಂದ ನಿವೃತ್ತರಾದರು. ಅದೇ ವರ್ಷ ನೇಯ್ಸ್ಮಿತ್ ಬ್ಯಾಸ್ಕೆಟ್‌ಬಾಲ್ ಕೀರ್ತಿಮಂದಿರದಲ್ಲಿ ಅವರಿಗೆ ಸ್ಥಾನ ದೊರೆಯಿತು. 2018ರ ಜೂನ್ 4ರಂದು, 88ರ ವಯಸ್ಸಿನಲ್ಲಿ ಅವರು ನಿಧನರಾದರು. ತರಬೇತುದಾರರಾಗಿ ಐನೂರಕ್ಕೂ ಹೆಚ್ಚು ಪಂದ್ಯಗಳನ್ನು ಗೆದ್ದವರು ಅವರು. ಆದರೂ ಇತಿಹಾಸ ಅವರನ್ನು ಹೆಚ್ಚಾಗಿ ನೆನೆಯುವುದು, ಯೋಗ್ಯರನ್ನು ಬಣ್ಣ ನೋಡದೆ ಗುರುತಿಸಿ ಹೊಣೆ ಒಪ್ಪಿಸಿದ ಅವರ ಧೈರ್ಯಕ್ಕಾಗಿ.