ಕೊಳಲಿನ ಮೈಗೆ ಸುತ್ತಿದ ದಾರ

ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಬಾರಾಮತಿಯ ಒಣಹವೆ ಬಿದಿರಿನ ಕೊಳಲಿಗೆ ಒಗ್ಗುವುದಿಲ್ಲ. ಉಸಿರಿನ ತೇವಕ್ಕೆ ಒಳಮೈ ಉಬ್ಬುತ್ತದೆ, ಹೊರಮೈ ಒಣಗಿ ಕುಗ್ಗುತ್ತದೆ; ಈ ಎಳೆದಾಟದಲ್ಲಿ ಬಿರುಕು ಹುಟ್ಟುತ್ತದೆ. ಜರ್ಮನಿಯ ಥಿಯೋಬಾಲ್ಡ್ ಬೋಮ್ 1847ರಲ್ಲಿ ಲೋಹದ ಕೊಳಲನ್ನು ರೂಪಿಸಿದ ಮೇಲೆ ಯುರೋಪಿನಲ್ಲಿ ಈ ಭಯ ಕ್ರಮೇಣ ಕಡಿಮೆಯಾಯಿತು. ಹಿಂದೂಸ್ತಾನಿ ವೇದಿಕೆಗೆ ಕೊಳಲನ್ನು ಏರಿಸಿದ ಪನ್ನಾಲಾಲ್ ಘೋಷ್ (1911–1960) ಅದರ ಉದ್ದವನ್ನು ಹೆಚ್ಚಿಸಿದರೇ ಹೊರತು ಬಿದಿರನ್ನು ಬಿಡಲಿಲ್ಲ. ಅವರ ಶಿಷ್ಯರೂ ಅಳಿಯರೂ ಆದ, ಕರ್ನಾಟಕ ಮೂಲದ ದೇವೇಂದ್ರ ಮುರ್ಡೇಶ್ವರರದೂ ಅದೇ ಹಾದಿ. ಹಾಗಾಗಿ ಹಳೆಯ ಆರೈಕೆಯೂ ಉಳಿದುಬಂದಿದೆ: ನುಡಿಸಿದ ಬಳಿಕ ಒಳಗನ್ನು ಒರೆಸುವುದು, ಆಗಾಗ ತೆಳುವಾಗಿ ಎಣ್ಣೆ ಸವರುವುದು, ಬಿಸಿಲಿನಿಂದ ದೂರವಿಡುವುದು. ಮೈಗೆ ಸುತ್ತಿದ ದಾರ ಬರಿಯ ಅಲಂಕಾರವಲ್ಲ, ಬಿರುಕನ್ನು ತಡೆಯುವ ಕಟ್ಟು. ಬೇಸಿಗೆಗೆ ಮುನ್ನ ಅದು ಸಡಿಲಿದ್ದರೆ ಬಿಗಿಯಾಗಿ ಸುತ್ತಿಸಬೇಕು. ಸೀಳಿದ ಬಿದಿರಿಗೆ ಹಳೆಯ ನಾದ ಮರಳುವುದು ಕಷ್ಟ.