ಸೀಸೆ ಕಳೆದರೂ ಹಳ್ಳ ಉಳಿದಿತ್ತು

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್ ಅವರನ್ನು ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೆಂದು ಹಲವರು ಬಲ್ಲರು. ಅವರು ಕಪ್ಪೆಗಳ ಹಿಂದೆ ಬಿದ್ದವರೂ ಹೌದು. 1920ರಲ್ಲಿ ಕೊಡಗಿನ ಒಂದು ರಾತ್ರಿಗಪ್ಪೆಗೆ ‘ಪವಿತ್ರ ಜೌಗಿನದು’ ಎಂಬರ್ಥದ ಲ್ಯಾಟಿನ್ ಹೆಸರಿಟ್ಟರು. 1937ರಲ್ಲಿ ಕೊಟ್ಟಿಗೆಹಾರದ ಹೆಸರನ್ನು ಇನ್ನೊಂದು ಕಪ್ಪೆಗೆ ಕೊಟ್ಟರು. ಕಾಲೇಜಿನಲ್ಲಿದ್ದ ಅವರ ಮೂಲ ಮಾದರಿಗಳು ಮುಂದೆ ಕಳೆದುಹೋದವು.

ವಿಜ್ಞಾನದ ಚರಿತ್ರೆ ಓದುವ ನನಗೆ ಇದು ದೊಡ್ಡ ನಷ್ಟವೆನಿಸುತ್ತದೆ. ಆದರೂ ಕೊಡಗಿನ ಆ ಕಪ್ಪೆ 91 ವರ್ಷಗಳ ಬಳಿಕ, 2011ರಲ್ಲಿ, ಮತ್ತೆ ದಾಖಲಾಯಿತು. ಸೀಸೆ ಕಾಪಾಡದ್ದನ್ನು ಕಾಡು ಕಾಪಾಡಿತ್ತು.

ಸೀಸೆ ಹೇಳಲಾರದ ಸಂಗತಿಗಳೂ ಇವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಅಲ್ಲಿನ ಒಂದು ರಾತ್ರಿಗಪ್ಪೆಯನ್ನು ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಿದರು. ಹೆಣ್ಣು ತಲೆಕೆಳಗಾಗಿ ನಿಂತು ನೀರಿನ ಮೇಲಿನ ಕಡ್ಡಿಗೋ ಬಂಡೆಗೋ ಮೊಟ್ಟೆ ಅಂಟಿಸಿ ಹೋಗುತ್ತದೆ. ಗಂಡು ಹಳ್ಳದ ತಳದಿಂದ ಮುಂಗಾಲಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಒಣಗದಿರಲಿ, ಶತ್ರುಗಳ ಕಣ್ಣಿಗೆ ಬೀಳದಿರಲಿ ಎಂದಿರಬೇಕು. ಅದಕ್ಕೇ ಅದರ ಹೆಸರು ‘ಕುಂಬಾರ’. ಮಳೆಗಾಲದ ರಾತ್ರಿ ಹಳ್ಳದ ಬದಿಯಲ್ಲಿ ಕೂತವರಿಗಷ್ಟೇ ಈ ಕುಂಬಾರಿಕೆ ಕಾಣುತ್ತದೆ. ಸ್ಪಿರಿಟ್‌ನಲ್ಲಿ ಮುಳುಗಿಸಿಟ್ಟ ಕಪ್ಪೆಯ ಕೈಯಲ್ಲಿ ಮಣ್ಣಿರುವುದಿಲ್ಲ.

ನನ್ನೂರು ಹುಲಿಯೂರುದುರ್ಗ ಮಲೆನಾಡಲ್ಲ. ಇಲ್ಲಿನ ಬಯಲಿನ ಕಪ್ಪೆಗಳ ಉಪಾಯ ಬೇರೆ. ಮೈತುಂಬ ಗುಳ್ಳೆಗಳಿರುವ ನೆಲಗಪ್ಪೆ ಲೋಳೆಯ ಎಳೆಯಲ್ಲಿ ಕರಿಮಣಿ ಪೋಣಿಸಿದಂತೆ ಸಾವಿರಾರು ಮೊಟ್ಟೆ ಇಟ್ಟು ಹೊರಟುಬಿಡುತ್ತದೆ. ಕಾವಲಿಲ್ಲ, ಎಷ್ಟು ಹೋದರೂ ಕೆಲವು ಉಳಿದಾವು ಎಂಬ ಲೆಕ್ಕ. ಮರಗಪ್ಪೆ ನೀರಿನ ಮೇಲೆ ಬಾಗಿದ ಗಿಡಕ್ಕೆ ನೊರೆಗೂಡು ಕಟ್ಟುತ್ತದೆ. ಒಳಗೆ ಮೊಟ್ಟೆಗಳು ತೇವವಾಗಿರುತ್ತವೆ, ಮರಿಗಳು ಗೊದಮೊಟ್ಟೆಗಳಾಗಿ ಕೆಳಗಿನ ನೀರಿಗೆ ಉದುರುತ್ತವೆ.

ಒಂದಕ್ಕೆ ಕೆಲವು ವಾರ ನಿಲ್ಲುವ ಗುಂಡಿ ನೀರು ಬೇಕು, ಇನ್ನೊಂದಕ್ಕೆ ನೀರಿನ ಮೇಲೆ ಬಾಗಿದ ಕೊಂಬೆ, ಕುಂಬಾರನಿಗೆ ಹಳ್ಳದ ಕೆಸರು. ಕೆರೆ ಕಟ್ಟಿಸಿದವರ ಹೆಸರನ್ನು ಶಾಸನಗಳಲ್ಲಿ ಹುಡುಕುವ ನಾವು ಕೆರೆಯಂಚಿನ ಗುಂಡಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆರೆ ‘ಚೆಂದ’ ಮಾಡುವಾಗ ಗುಂಡಿ ಮುಚ್ಚುತ್ತೇವೆ, ಪೊದೆ ಸವರುತ್ತೇವೆ, ದಡಕ್ಕೆ ಕಲ್ಲು ಕಟ್ಟುತ್ತೇವೆ. ನಾರಾಯಣ ರಾಯರ ಸೀಸೆ ಕಳೆದಾಗ ಮತ್ತೆ ಹೋಗಿ ನೋಡಲು ಜೌಗಾದರೂ ಇತ್ತು. ಜೌಗೇ ಹೋದರೆ ಎಲ್ಲಿಗೆ ಹೋಗಿ ನೋಡುವುದು?